ಐದು ಮಿನಿಟಿನ ಕೆಲಸದ ಪಂಡಿತರಿಗೆ

ಬೆಳಗಾವಿ–ಖಾನಾಪುರ ದಾರಿಯಲ್ಲಿ ಪುಕ್ಕಟೆ ಸಲಹೆ ಹಂಚುವ ಸಮಸ್ತ ಕಾಕಾ, ಮಾಮಾ, ಅಣ್ಣಾ, ಮಾವಶಿಯವರಿಗೆ ಸಾಷ್ಟಾಂಗ ನಮಸ್ಕಾರ.

ನಿನ್ನೆ ಖಾನಾಪುರಕ್ಕೆ ಹೋಗಿಬಂದೆ. ಕೆಲಸ ಆಗಲಿಲ್ಲ. ಆದರೆ ನಿಮ್ಮ ಆಶೀರ್ವಾದದಿಂದ ಮೊಣಕಾಲು ನೋವಿಗೆ ಯಾವ ಎಣ್ಣೆ ಅಂತ ಗೊತ್ತಾಯಿತು. ಮಗಳನ್ನು ಬಿ.ಕಾಂ. ಬಿಡಿಸಿ ನರ್ಸಿಂಗಿಗೆ ಹಾಕಬೇಕು ಅಂತಲೂ ತಿಳಿಯಿತು. ಉದ್ಯಮಬಾಗದ ನೌಕರಿ ಬಿಟ್ಟು ಪುಣೆಗೆ ಹೋದವರೆಲ್ಲ ಫ್ಲ್ಯಾಟು ತಗೊಂಡರು ಅಂತ ಒಬ್ಬರು, ಹೋದವರೆಲ್ಲ ಹಾಳಾದರು ಅಂತ ಅದೇ ಸೀಟಿನ ಇನ್ನೊಬ್ಬರು. ದೇಸೂರು ದಾಟುವಷ್ಟರಲ್ಲಿ ನನ್ನ ಮುಂದಿನ ಆಯುಷ್ಯದ ಪಂಚಾಯ್ತಿ ಮುಗಿದಿತ್ತು. ಗಡಿ ತಕರಾರಿಗೆ 1966ರಲ್ಲಿ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದನ್ನು ಇವತ್ತಿಗೂ ಎಳೆದಾಡುತ್ತಾರೆ. ನಿಮ್ಮ ವರದಿ ಚಹಾ ಆರುವುದರೊಳಗೆ ತಯಾರು, ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲೂ. ಸಲಹೆ ಕೊಡುವಾಗ ಮಾತ್ರ ಈ ಭಾಗದಲ್ಲಿ ಗಡಿ ತಂಟೆಯೇ ಇಲ್ಲ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ, ಎಣ್ಣೆ ಹಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ವಿಷಯ ನಮ್ಮ ಸೋದರಮಾವಂದು. ಊರು ಖಾನಾಪುರದ ಹತ್ತಿರ, ರೇಷನ್ ಕಾರ್ಡು ಅದೇ ತಾಲೂಕಿನದು, ತೀರಿಕೊಂಡದ್ದು ಬೆಳಗಾವಿಯ ಒಂದು ಖಾಸಗಿ ದವಾಖಾನೆಯಲ್ಲಿ. ಉತಾರದ ಮೇಲೆ ವಾರಸಾ ಹಚ್ಚಲು ಅತ್ತೆಗೆ ಡೆತ್ ಸರ್ಟಿಫಿಕೇಟು ಬೇಕು. ಟಿಳಕವಾಡಿಯ ಚಹಾದಂಗಡಿಯಲ್ಲಿ ಈ ಮಾತು ಬಾಯಿಂದ ಬಿದ್ದದ್ದೇ ತಡ, ಬಿಳಿ ಟೊಪ್ಪಿಗೆಯ ಕಾಕಾ ಒಬ್ಬರು ಖಾರಿಯನ್ನು ಚಹಾದೊಳಗೆ ಅದ್ದಿ ಹಿಡಿದವರು ಹಂಗೇ ಹಿಡಕೊಂಡು, "ಅದೇನ್ ದೊಡ್ಡದೋ ತಮ್ಮಾ! ಊರು ಯಾವದೋ ಅಲ್ಲೇ ಕೊಡತಾರ. ಖಾನಾಪುರದಾಗ ಐದ್ ಮಿನಿಟಿನ ಕೆಲ್ಸಾ" ಅಂದರು. ನನ್ನ ಪೆನ್ನು ಇಸಕೊಂಡು ಹಳೇ ಬಸ್ ಟಿಕೇಟಿನ ಬೆನ್ನಿಗೆ "ಒಂದನೇ ಮಜಲಾ, ಬಲಗಡೆ" ಅಂತ ಬರೆದೂ ಕೊಟ್ಟರು. ಖಾರಿ ಮುರಿದು ಕಪ್ಪಿನೊಳಗೆ ಮುಳುಗಿತು. ಪೆನ್ನು ಕಾಕಾರ ಕಿಸೆ ಸೇರಿತು.

"ನೀವು ಮಾಡಿಸೀರೇನ್ರಿ ಕಾಕಾ?" ಅಂತ ಕೇಳಿದೆ.

"ನಾ ಯಾಕ ಮಾಡಸ್ಲೋ? ನಮ್ಮನ್ಯಾಗ ಎಲ್ಲಾರೂ ಆರಾಮ ಅದಾರ."

ಅರ್ಧ ದಿನ ರಜೆ ಹಾಕಿ ಹೋದೆ. ಕಿಟಕಿಯ ಮುಂದೆ ಪಾಳಿ. ಪಾಳಿಯಲ್ಲೂ ನಿಮ್ಮವರೇ. "ಝೆರಾಕ್ಸ್ ಎರಡs ತಂದೀರಿ? ನಾಕು ಬೇಕ್ರಿ." ತಂದೆ. "ಫೋಟೋ ಹಚ್ರಿ." ಯಾರದು, ಸತ್ತವರದೋ ಅರ್ಜಿ ಕೊಟ್ಟವರದೋ? ಇದರ ಮೇಲೆ ಪಾಳಿಯಲ್ಲಿ ಎರಡು ಪಕ್ಷಗಳಾದವು. ಎರಡಕ್ಕೂ ಬೇಜಾರಾಗಬಾರದೆಂದು ಎರಡೂ ಹಚ್ಚಿದೆ. ಊಟದ ಹೊತ್ತಿಗೆ ಕಿಟಕಿ ಮುಚ್ಚಿತು, ಊಟ ಮುಗಿದು ಬಹಳ ಹೊತ್ತಾದ ಮೇಲೆ ತೆರೆಯಿತು. ನನ್ನ ಸರದಿ ಬಂದಾಗ ಒಳಗಿದ್ದ ಹುಡುಗಿ ಕಾಗದ ಮುಟ್ಟಲೂ ಇಲ್ಲ. "ಎಲ್ಲಿ ತೀರಕೊಂಡಾರ್ರಿ?" ಬೆಳಗಾವಿ ಅಂದೆ. "ಹಂಗಾರ ಬೆಳಗಾವ್ಯಾಗ ತಗೋರಿ." ಐದು ಮಿನಿಟೂ ಹಿಡಿಯಲಿಲ್ಲ. ಅಷ್ಟರ ಮಟ್ಟಿಗೆ ಕಾಕಾರ ಮಾತು ಖರೆ.

1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುವುದು ಇಷ್ಟೇ: ಜೀವ ಎಲ್ಲಿ ಹೋಯಿತೋ ಅಲ್ಲಿ ನೋಂದಣಿ. ಹುಟ್ಟೂರು, ರೇಷನ್ ಕಾರ್ಡು, ಮಣ್ಣು ಕೊಟ್ಟ ಜಾಗ ಯಾವುದೂ ಲೆಕ್ಕಕ್ಕಿಲ್ಲ. ದವಾಖಾನೆಯಲ್ಲಾದರೆ ತಿಳಿಸುವ ಹೊಣೆ ದವಾಖಾನೆಯವರದೇ. ಮನೆಯಲ್ಲಾದರೆ ಮನೆಯವರು 21 ದಿನದೊಳಗೆ ತಿಳಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ನನಗೆ ಬೇಕಾದದ್ದು ಬೆಳಗಾವಿ ಮಹಾನಗರ ಪಾಲಿಕೆ. ನಮ್ಮ ಮನೆಯಿಂದ ರಿಕ್ಷಾದ ದಾರಿ.

ನಗಬೇಡಿ ಕಾಕಾ. ನನಗೆ ಹೋದದ್ದು ಅರ್ಧ ದಿನದ ಪಗಾರ. ಭೀಮಗಡದ ಕಾಡಿನಲ್ಲಿ ಆಮಗಾಂವ, ಗವಾಳಿಯಂಥ ಊರುಗಳಿವೆ. ಮಳೆಗಾಲದಲ್ಲಿ ಅಂಥ ಕಡೆಯಿಂದ ಪೇಷಂಟನ್ನು ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆಗೆ ತರಬೇಕು. ಖಾನಾಪುರಕ್ಕೆ ಮುಟ್ಟಿಸಿದರೆ ಬೆಳಗಾವಿಗೆ ಒಯ್ಯಿರಿ ಅನ್ನುತ್ತಾರೆ. ಅಲ್ಲಿ ಜೀವ ಹೋದರೆ, ಆ ಮನೆಯ ಹೆಣ್ಣುಮಗಳಿಗೂ ನೀವು ಹೀಗೇ ಖಾರಿ ಅದ್ದಿಕೊಂಡು "ಊರು ಯಾವದೋ ಅಲ್ಲೇ" ಅನ್ನುತ್ತೀರಿ. 2023ರ ಜೂನಿನಿಂದ ಅವಳಿಗೆ ಬಸ್ಸು ಪುಕ್ಕಟೆ ಇದೆ, ದಿನ ಪುಕ್ಕಟೆ ಇಲ್ಲ. ಕೂಲಿ ಬಿಟ್ಟು ಅಲೆದು ಸುಸ್ತಾದ ಮೇಲೆ ನಿಮ್ಮಲ್ಲೇ ಇನ್ನೊಬ್ಬರು "ಏಜಂಟ ಅದಾನ, ಒಂದಿಷ್ಟು ಕೊಟ್ಟಬಿಡವಾ" ಅನ್ನುತ್ತಾರೆ. ಗೊತ್ತಿಲ್ಲ ಅನ್ನಲಿಕ್ಕೆ ನಿಮಗೇನು ಧಾಡಿ?

2011ರ ಸಕಾಲ ಕಾಯ್ದೆ ಪ್ರಕಾರ ಸರಕಾರಿ ನೌಕರ ಹೊತ್ತಿಗೆ ಕೆಲಸ ಮಾಡದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಪರಿಹಾರ. ಅದೇ ದರ ಕಾಕಾಗಳಿಗೂ ಹಚ್ಚಬೇಕೆಂದು ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ಯಾರಾದರೂ ಎದ್ದು ಕೇಳಲಿ. ಅಲ್ಲಿಯತನಕ ನನ್ನ ಪೆನ್ನಾದರೂ ವಾಪಸ್ ಕೊಡ್ರಿ.

ಸರ್ಟಿಫಿಕೇಟಾದ ಮೇಲೆ ವಂಶಾವಳಿ ಮಾಡಿಸುವುದಿದೆ. ಅದು ಎಲ್ಲಿ ಅಂತ ಕಚೇರಿಯ ಬೋರ್ಡು ಓದಿ ತಿಳಕೋತೀನಿ. ದಯವಿಟ್ಟು ಯಾರೂ ಫೋನ್ ಹಚ್ಚಬ್ಯಾಡ್ರಿ.

ಇಂತಿ,
ನಿಮ್ಮೆಲ್ಲರ ತಮ್ಮ,
ಟಿಳಕವಾಡಿ