ರೂಟ್ ಕಾಕಾ

ಬೈಲಹೊಂಗಲ ಸೀಮೆಯಲ್ಲಿ ನಸುಕಿಗೇ ಎದ್ದು ಓಡುವವರು ಹೊಸಬರಲ್ಲ. ಮಿಲಿಟರಿ ಭರ್ತಿಗೆ ತಯಾರಾಗುವ ಹುಡುಗರು ಮೊದಲಿನಿಂದಲೂ ಓಡುತ್ತಾರೆ. 1600 ಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ ಪೂರ್ತಿ 60 ಅಂಕ. ಅದಕ್ಕಾಗಿ ಬರಿಗಾಲಲ್ಲಿ, ಹಲ್ಲು ಕಚ್ಚಿಕೊಂಡು, ಊರ ಹೊರಗಿನ ಡಾಂಬರು ರಸ್ತೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಓಡುತ್ತಾರೆ. ಯಾಕೆ ಓಡುತ್ತೀರೆಂದು ಅವರನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದವರು ಬೇರೆ ಇದ್ದಾರೆ. ಅರವತ್ತು ದಾಟಿದವರು, ಪೆನ್ಶನ್ ಕೈಗೆ ಬಂದವರು, ಮಗಳು ಪುಣೆಯಿಂದ ಕಳಿಸಿದ ವಾಚು ಕಟ್ಟಿಕೊಂಡವರು. ಕಿತ್ತೂರಿಗೊಬ್ಬರು, ಸವದತ್ತಿಗೊಬ್ಬರು, ರಾಮದುರ್ಗಕ್ಕೊಬ್ಬರು ಇಂಥವರು ಇದ್ದೇ ಇರುತ್ತಾರೆ. ಬೈಲಹೊಂಗಲದವರು ನನ್ನ ಪಾಲಿಗೆ ಬಂದರು. ಅವರಿಗೆ ಹೆಸರಿದೆ, ಮನೆತನವಿದೆ. ಆದರೆ ಊರು ಕರೆಯುವುದು ರೂಟ್ ಕಾಕಾ ಎಂದೇ.

ಕಾಕಾ ಓಡುವುದಕ್ಕಿಂತ ಹಾದಿ ಹೇಳುವುದೇ ಹೆಚ್ಚು. ಮದುವೆ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಬೀಗರ ಊರು ಮುನವಳ್ಳಿ ಎಂದರೆ ಸಾಕು, ಮಕ್ಕಳೆಷ್ಟು, ಹೊಲವೆಷ್ಟು ಎಂದು ವಿಚಾರಿಸುವುದಿಲ್ಲ. ‘ಮಲಪ್ರಭಾ ದಂಡಿಗುಂಟ ಛಲೋ ರೂಟ್ ಐತಿ, ಬೆಳಿಗ್ಗೆ ಒಂದ್ ನಾಯಿ ಸೈತ ಬೊಗಳೂದಿಲ್ಲ’ ಎನ್ನುತ್ತಾರೆ. ನಾಲ್ಕೂ ತಾಲೂಕುಗಳನ್ನು ಅವರು ಮೊಣಕಾಲಿನಿಂದ ಬಲ್ಲರು. ಕಿತ್ತೂರು ಕಡೆ ಮಳೆ ಹೆಚ್ಚು, ಭತ್ತದ ಗದ್ದೆ, ಹಸಿರು, ‘ಕಾಲಿಗೆ ಮೆತ್ತಗ’. ಸವದತ್ತಿಯಲ್ಲಿ ನವಿಲುತೀರ್ಥದ ಹಿನ್ನೀರಿನ ಗಾಳಿ. ‘ಆದ್ರ ಯಲ್ಲಮ್ಮನ ಗುಡ್ಡದ ಏರು ಎದಿ ಒಡೀತೈತಿ’. ರಾಮದುರ್ಗವೆಂದರೆ ಕಲ್ಲುಗುಡ್ಡ, ಬಿಸಿಲು. ‘ಎಂಟರೊಳಗ ಮನಿ ಮುಟ್ಟಬೇಕು’. ಸುರೇಬಾನದ ಶಬರಿ ಕೊಳ್ಳಕ್ಕೆ ಹೋದರೆ ದೇವರ ದರ್ಶನಕ್ಕಿಂತ ಮೊದಲು ನೆರಳಿನ ದರ್ಶನ ಮಾಡುತ್ತಾರೆ. ಅದು ನನಗೂ ಒಪ್ಪಿಗೆ.

ಇತಿಹಾಸವೂ ಅವರಿಗೆ ರೂಟೇ. ಅಮಟೂರಿನ ಮಗ್ಗುಲಲ್ಲಿ ಹಾದರೆ ಬಾಳಪ್ಪ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಹೊಡೆದ 1824ರ ಅಕ್ಟೋಬರ್ 23ರ ಕತೆ. ಸಂಗೊಳ್ಳಿ ಬಂದರೆ ರಾಯಣ್ಣ. ‘ರಾಯಣ್ಣ ಇಡೀ ರಾತ್ರಿ ಇಂಥಾ ಹಾದ್ಯಾಗ ಓಡ್ಯಾನ ತಮ್ಮಾ, ನಿನಗ ಇಷ್ಟ ಆಗೂದಿಲ್ಲೇನು?’ ಎಂದು ಹುರಿದುಂಬಿಸುತ್ತಾರೆ. ರಾಯಣ್ಣನ ಬೆನ್ನಿಗೆ ಬ್ರಿಟಿಷರಿದ್ದರು, ನನ್ನ ಬೆನ್ನಿಗೆ ನೀವಷ್ಟೇ ಇದ್ದೀರಿ ಎಂದು ಹೇಳಲು ನನಗೆ ಉಸಿರು ಉಳಿದಿರುವುದಿಲ್ಲ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ರೌಂಡಿನ ಚಟ. ಹೋದ ಹಾದಿಯಲ್ಲಿ ಮರಳಿ ಬರುವುದು ಕಾಕಾನ ಜಾಯಮಾನದಲ್ಲಿಲ್ಲ. ‘ಹೋದ ಹಾದೀಲೇ ತಿರುಗಿ ಬರಾಕ ನಾವೇನ್ ವಸ್ತಿ ಬಸ್ಸೇನೋ ತಮ್ಮಾ?’

ಸೀಗಿ ಹುಣ್ಣಿಮೆ ಹತ್ತಿರವಿತ್ತು. ಎರಡು ದಿನ ಮಳೆ ಹೊಡೆದು ಬಿಟ್ಟಿತ್ತು. ಸೊಗಲದ ಸೋಮೇಶ್ವರನ ಜಲಪಾತದಲ್ಲಿ ನೀರು ಜೋರಾಗಿದೆ, ಆ ಕಡೆ ಓಡೋಣವೆಂದರು. ‘ಪೂರಾ ಸಪಾಟ’ ಎಂದು ಸೇರಿಸಿದರು. ಹೋಗುವಾಗ ಡಾಂಬರು, ತಕರಾರಿಲ್ಲ. ಮರಳುವಾಗ ಕಾಕಾ ಎಡಕ್ಕೆ ಹೊರಳಿ ಹತ್ತಿ ಹೊಲದ ನಡುವಿನ ಚಕ್ಕಡಿ ದಾರಿ ಹಿಡಿದರು. ಮಳೆ ಕುಡಿದ ಎರೆಮಣ್ಣು ಎಂಥದೆಂದು ತುಳಿದವರಿಗೇ ಗೊತ್ತು. ಮೊದಲ ಹೆಜ್ಜೆಗೆ ಹಿಡಿ ಮಣ್ಣು, ಹತ್ತನೆಯ ಹೆಜ್ಜೆಗೆ ಬುಟ್ಟಿ ಮಣ್ಣು. ಸ್ವಲ್ಪ ಮುಂದೆ ಹೋದಮೇಲೆ ಕಾಲು ನನ್ನ ಜೊತೆ ಬಂತು, ಬೂಟು ಹೊಲದವನ ಪಾಲಾಯಿತು. ‘ಇದಕ್ಕ ಟ್ರೇನಿಂಗ್ ಅಂತಾರ’ ಎಂದರು ಕಾಕಾ.

ಒಡ್ಡಿನ ಮೇಲೆ ನಿಂತಿದ್ದ ರೈತನೊಬ್ಬ ನಮ್ಮಿಬ್ಬರನ್ನೂ ನೋಡಿ ತಲೆಗೆ ಸುತ್ತಿದ ಟವೆಲ್ ತೆಗೆದ. ‘ಯಾರ್ರಿ ತೀರಿಕೊಂಡಾರ?’ ಎಂದ, ದನಿ ತಗ್ಗಿಸಿ. ತಪ್ಪು ಅವನದಲ್ಲ. ನಮ್ಮ ಕಡೆ ದೊಡ್ಡ ಮನುಷ್ಯ ಹೊಲದಲ್ಲಿ ಓಡಿದರೆ ಒಂದೋ ಸಾವು, ಇಲ್ಲ ಕಣ್ಣಿ ಹರಿದ ಎತ್ತು.

‘ಯಾರೂ ಇಲ್ರಿ, ಸುಮ್ನ ಓಡಾಕತ್ತೀವಿ’ ಎಂದರು ಕಾಕಾ.

‘ಸುಮ್ನ ಅಂದ್ರ?’

ಇದಕ್ಕೆ ಜಗತ್ತಿನ ಯಾವ ಓಟಗಾರನ ಬಳಿಯೂ ಉತ್ತರವಿಲ್ಲ. ಅಷ್ಟರಲ್ಲಿ ಕುರಿಹಿಂಡಿನ ನಾಯಿಗಳು ಬಂದವು. ನಾಯಿ ಬಂದಾಗ ಓಡಬಾರದು, ನಿಲ್ಲಬೇಕು ಎಂದು ನನಗೆ ಎಷ್ಟೋ ಸಲ ಪಾಠ ಹೇಳಿದವರು ಕಾಕಾ. ಅವರು ನಿಂತರು ನಿಜ; ಆದರೆ ಅದಕ್ಕೂ ಮೊದಲು ವಾಚು ನಿಲ್ಲಿಸಿದರು. ನಾಯಿ ಕಚ್ಚಿದರೂ ಚಿಂತೆಯಿಲ್ಲ, ಸರಾಸರಿ ವೇಗ ಕೆಡಬಾರದು.

ಕೊನೆಗೆ ರೈತನೇ ಕುರುಬರಿಗೆ ಕೂಗಿ ಹೇಳಿ ನಾಯಿ ಬಿಡಿಸಿ, ‘ಟ್ರ್ಯಾಕ್ಟರ್ ಊರಿಗೆ ಹೊಂಟೈತಿ, ಹತ್ರಿ’ ಎಂದ. ನಾನು ಎರಡನೆಯ ಮಾತಿಲ್ಲದೆ ಹತ್ತಿದೆ. ಕಾಕಾ ಹತ್ತಲಿಲ್ಲ. ಟ್ರ್ಯಾಕ್ಟರಿನ ಹಿಂದೆ, ಅದು ಮಾಡಿದ ಗಾಲಿಗೀಟಿನೊಳಗೆ ಊರ ತನಕ ಓಡಿದರು. ಊರು ಮುಟ್ಟಿದಾಗ ವಾಚಿನಲ್ಲಿ ಪೂರ್ಣ ಕಿಲೊಮೀಟರುಗಳ ಜೊತೆ ಒಂದಿಷ್ಟು ಚಿಲ್ಲರೆ ಉಳಿದಿತ್ತು. ಚಿಲ್ಲರೆ ಅವರಿಗೆ ಆಗದು. ಚಾದಂಗಡಿಯ ಮುಂದೆ, ಅಲ್ಲಿದ್ದ ಎಲ್ಲರೂ ಕಪ್ಪು ಕೆಳಗಿಟ್ಟು ನೋಡುತ್ತಿರುವಾಗ, ಗಟಾರ ದಾಟುತ್ತ ಸುತ್ತು ಹಾಕಿದರು. ನಾನು ಬರಿಗಾಲಲ್ಲಿ ಕುಳಿತು ಸೂಸಲಾ ತಿನ್ನುತ್ತಿದ್ದೆ.

ಮನೆಗೆ ಹೋಗಿ ಸ್ಟ್ರಾವಾ ಆ್ಯಪಿನಲ್ಲಿ ಅಂದಿನ ಓಟದ ಕಿತ್ತಳೆ ಗೆರೆ ನೋಡಿದರೆ ಚೆಂದವಾಗಿಯೇ ಇತ್ತು. ಅದರಲ್ಲಿ ಕೆಸರು ಕಾಣುವುದಿಲ್ಲ.

ಕಾಕಾನ ಬಳಿ ಆ ಗೆರೆಗಳಲ್ಲದೆ ಒಂದು ನೋಟ್‌ಬುಕ್ಕೂ ಇದೆ. ಒಮ್ಮೆ ತೋರಿಸಿದರು. ಹಳ್ಳಿಹಳ್ಳಿಯ ಚಕ್ಕಡಿ ದಾರಿಗಳ ಪಟ್ಟಿ. ಹಲವುಗಳ ಮುಂದೆ ‘ಬಂದ್’ ಎಂದು ಬರೆದಿದ್ದಾರೆ. ಚಕ್ಕಡಿಗಳು ಕಡಿಮೆಯಾದವು, ಎಲ್ಲರೂ ಮೋಟಾರ್ ಸೈಕಲ್ಲಿನಲ್ಲಿ ಡಾಂಬರು ಹಿಡಿದರು, ನಡೆಯುವ ಕಾಲಿಲ್ಲದ ಹಾದಿ ಹೊಲವಾಗತೊಡಗಿತು. ಈ ಬದಿಯವನು ಬಿತ್ತುವಾಗ ಒಂದು ಸಾಲು ಒಳಗೆ ಹಾಕಿಕೊಳ್ಳುತ್ತಾನೆ, ಮುಂದಿನ ವರ್ಷ ಆ ಬದಿಯವನು ಒಂದು ಸಾಲು. ನಕಾಶೆಯಲ್ಲಿ ಬಂಡಿದಾರಿ, ನೆಲದ ಮೇಲೆ ಗೋವಿನಜೋಳ. ಇನ್ನೊಂದಿಷ್ಟು ವರ್ಷಕ್ಕೆ ಹೊಲಕ್ಕೆ ಹೋಗಲು ದಾರಿಯಿಲ್ಲವೆಂದು ಅಣ್ಣತಮ್ಮಂದಿರು ತಹಶೀಲ್ದಾರರ ಕಚೇರಿಯ ಮುಂದೆ ನಿಲ್ಲುತ್ತಾರೆ. ಬಾಯಿಮಾತಿನ ಸಾಕ್ಷಿ ಹೇಳಬೇಕಾದ ಹಿರಿಯರು ಅಷ್ಟರಲ್ಲಿ ಹೋಗಿರುತ್ತಾರೆ.

ಆ ಪಟ್ಟಿಯಲ್ಲಿ ಒಂದು ದಾರಿಯ ಮುಂದೆ ಮಾತ್ರ ಅಂತರ ಬರೆದು ಎರಡು ಗೀಟು ಎಳೆದಿದ್ದರು: 2.3 ಕಿ.ಮೀ. ಏನು ಕಾಕಾ ಇದು ಎಂದೆ. ‘ಸಣ್ಣವ ಇದ್ದಾಗ ಅಪ್ಪಗ ಬುತ್ತಿ ಒಯ್ಯೂ ಹಾದಿ. ಬಾಳ ದೂರ ಅಂತ ಅಳತಿದ್ದೆ. ಈಗ ಅಳದ್ರ ಇಷ್ಟ ಐತಿ ನೋಡು’ ಎಂದು ನಕ್ಕರು. ಈಗ ಅದರ ನಡುವೆ ತಂತಿ ಬೇಲಿ ಬಿದ್ದಿದೆ. ಆ ಬೇಲಿಯ ತನಕ ಹೋಗಿ ಪಕ್ಕದ ಬದುವಿನಿಂದ ಬಳಸಿ ಬರುವುದೂ ಅವರ ರೌಂಡುಗಳಲ್ಲೊಂದು. ಅಂದಿನಿಂದ ವಸ್ತಿ ಬಸ್ಸಿನ ಮಾತಿಗೆ ನಾನು ವಾದಿಸುವುದನ್ನು ಕಡಿಮೆ ಮಾಡಿದ್ದೇನೆ. ಬೂಟು ಮಾತ್ರ ಈಗ ಬಿಗಿಯಾಗಿ ಕಟ್ಟುತ್ತೇನೆ.

ನೀವೂ ಈ ಕಡೆ ಓಡಲು ಬರುವವರಿದ್ದರೆ ಚಳಿಗಾಲದಲ್ಲಿ ಬನ್ನಿ. ಹಿಂಗಾರಿ ಜೋಳ, ಕಡಲೆ, ಕುಸುಬಿ ನಿಂತಿರುತ್ತವೆ, ಹಾದಿ ಒಣಗಿರುತ್ತದೆ. ಮಳೆಯಾದ ಮೂರು ದಿನ ಎರೆಹೊಲಕ್ಕೆ ಇಳಿಯಬೇಡಿ. ಕಬ್ಬಿನ ಹಂಗಾಮಿನಲ್ಲಿ ಜೋಡು ಟ್ರೇಲರಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಬಂದರೆ ರಸ್ತೆ ಬಿಟ್ಟು ಕೆಳಗಿಳಿಯಿರಿ, ಅವನು ಇಳಿಯುವುದಿಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿ ರಸ್ತೆಯ ಆಸೆ ಬಿಡಿ. ಆಗ ಆ ರಸ್ತೆ ಯಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಬರುವವರದು.