ಅರ್ಜಿಜ್ವರ ನಿದಾನ: ತಿಲಕ್ ನಗರ ಸೀಮೆಯ ಒಂದು ವ್ಯಾಧಿಯ ಶಾಸ್ತ್ರೀಯ ವಿವೇಚನೆ

ಯಾವ ರೋಗವನ್ನಾದರೂ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಬಗೆಯಲ್ಲಿ ಪರೀಕ್ಷಿಸಬೇಕೆಂಬುದು ಆಯುರ್ವೇದದ ಆಚಾರ್ಯರ ವಿಧಿ. ಅವರ ಕಣ್ಣು ತಪ್ಪಿಸಿಕೊಂಡ ಜ್ವರವೊಂದಿದೆ. ಇದು ಆಗಸ್ಟ್‌ನಲ್ಲಿ ಮೈ ಬಿಸಿಯಾಗಿಸಿ, ಡಿಸೆಂಬರ್‌ನಲ್ಲಿ ಸನ್ನಿಗೇರಿ, ಏಪ್ರಿಲ್ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಸಾಂಕ್ರಾಮಿಕ ರೋಗಶಾಸ್ತ್ರ ಮತ್ತು ಜೈವಿಕ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಹಾಕುವವರನ್ನು ಮಾತ್ರ ಹಿಡಿಯುವುದರಿಂದ ಇದಕ್ಕೆ ಅರ್ಜಿಜ್ವರ ಎಂದು ಹೆಸರಿಡಲಾಗಿದೆ. ರೋಗ ಹೇಗೆ ಹರಡುತ್ತದೆಂದು ಕಲಿಯಲು ಹೊರಟವರಿಗೇ ತಗಲುವ ರೋಗವಾದ್ದರಿಂದ ಇದನ್ನು ಅಧ್ಯಯನ ಮಾಡಲು ಆರೋಗ್ಯವಂತರು ಯಾರೂ ಉಳಿದಿಲ್ಲ.

ಮೊದಲಿಗೆ ನಿದಾನ, ಅಂದರೆ ರೋಗದ ಕಾರಣ. ಬೆಂಗಳೂರಿನ ತಿಲಕ್ ನಗರ ಈ ಜ್ವರಕ್ಕೆ ಹೇಳಿ ಮಾಡಿಸಿದ ಸೀಮೆ. ಪಕ್ಕದ ಜಯನಗರ 4ನೇ ‘ಟಿ’ ಬ್ಲಾಕಿನಲ್ಲಿ 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಬೀದರಿನಲ್ಲಿ ಎಂಬಿಬಿಎಸ್ ಮುಗಿಸಿದವರಿಗೂ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಹುಟ್ಟುವುದು ಇಲ್ಲಿಯೇ. ಒಂದು ಕಡೆ ಸಂಜಯ್ ಗಾಂಧಿ ಆಸ್ಪತ್ರೆ, ಇನ್ನೊಂದು ಕಡೆ ಜಯದೇವ, ಹೊಸೂರು ರಸ್ತೆಯತ್ತ ನಿಮ್ಹಾನ್ಸ್ ಮತ್ತು ಕಿದ್ವಾಯಿ. 1854ರಲ್ಲಿ ಜಾನ್ ಸ್ನೋ ಲಂಡನ್ನಿನ ಕಾಲರಾ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿದಂತೆ ಇಲ್ಲಿನ ಅರ್ಜಿದಾರರ ಮನೆಗಳಿಗೆ ಚುಕ್ಕಿ ಇಟ್ಟರೆ ನಡುವೆ ಸಿಗುವುದು ಬ್ರಾಡ್ ಸ್ಟ್ರೀಟಿನ ಪಂಪಲ್ಲ, ಜೆರಾಕ್ಸ್ ಅಂಗಡಿ. ಪಂಪಿನ ಹಿಡಿ ಕಳಚುವ ಹೊತ್ತಿಗೆ ಕಾಲರಾ ಆಗಲೇ ಇಳಿಮುಖವಾಗಿತ್ತೆಂದು ಸ್ವತಃ ಸ್ನೋ ಒಪ್ಪಿಕೊಂಡಿದ್ದ. ಜೆರಾಕ್ಸ್ ಅಂಗಡಿಯ ಬಾಗಿಲು ಹಾಕಿಸಿದರೂ ಈ ಜ್ವರ ಇಳಿಯದು; ಪಿಡಿಎಫ್ ಇದೆ.

ಪೂರ್ವರೂಪ, ಅಂದರೆ ರೋಗದ ಮುನ್ಸೂಚನೆ, ಗುರುತಿಸುವುದು ಸುಲಭ. ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಲ್ಯಾಪ್‌ಟಾಪಿನಲ್ಲಿ ಸಂಖ್ಯಾಶಾಸ್ತ್ರದ ‘ಆರ್’ ತಂತ್ರಾಂಶ ಇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಮದುವೆಯ ಮಾತೆದ್ದರೆ ‘ಸ್ಯಾಂಪಲ್ ಸೈಜ್ ಸಾಲದು’ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಆಂಟಿ ಕ್ಷೇತ್ರಕಾರ್ಯ ಆರಂಭಿಸಿರುತ್ತಾರೆ: ‘ಏನು ಓದಿದ್ದೀರಂತೆ? ಅಪ್ಪಂಗೆ ಏನು ಕೆಲಸ? ತಿಂಗಳಿಗೆ ಎಷ್ಟು ಬರುತ್ತೆ?’ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಕಲಿಸಿದ ಬಿ. ಕುಪ್ಪುಸ್ವಾಮಿ ಅವರ ಸಾಮಾಜಿಕ-ಆರ್ಥಿಕ ಮಾಪಕವೂ ಕೇಳುವುದು ಈ ಮೂರನ್ನೇ: ವಿದ್ಯೆ, ಉದ್ಯೋಗ, ಆದಾಯ. ಒಟ್ಟು 29 ಅಂಕ, ಐದು ವರ್ಗ. ದೇಶದ ಸಮುದಾಯ ವೈದ್ಯಶಾಸ್ತ್ರದ ಪ್ರಬಂಧಗಳು ಇಂದಿಗೂ ಈ ಮಾಪಕಕ್ಕೆ ಜೋತುಬಿದ್ದಿವೆ. ಬೆಲೆ ಏರಿದಾಗಲೆಲ್ಲ ಅದರ ಆದಾಯದ ಅಂಕಣವನ್ನು ತಿದ್ದಬೇಕಾಗುತ್ತದೆ. ಆಂಟಿಯ ಬಳಿ ಆ ತಿದ್ದುಪಡಿ ಸದಾ ಸಿದ್ಧ.

ರೂಪ, ಅಂದರೆ ರೋಗದ ಪೂರ್ಣಲಕ್ಷಣ, ಎಸ್‌ಒಪಿ ಎಂಬ ಉದ್ದೇಶಪತ್ರದಲ್ಲಿ ಪ್ರಕಟವಾಗುತ್ತದೆ. ‘ಚಿಕ್ಕಂದಿನಿಂದಲೂ ನನಗೆ’ ಎಂದು ಶುರುವಾಗಿ, ಎರಡನೇ ಪ್ಯಾರಾದಲ್ಲಿ ಜಾನ್ ಸ್ನೋ ಬಂದು, ಮೂರನೆಯದರಲ್ಲಿ ಕೋವಿಡ್ ಬಂದರೆ ರೋಗನಿರ್ಣಯ ಮುಗಿಯಿತು. ಪ್ರಸ್ತುತ ಪ್ರಬಂಧಕಾರರಿಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಲಂಡನ್ನಿನ ಪಂಪಿಗೆ ಪ್ರದಕ್ಷಿಣೆ ಹಾಕುವ ಅರ್ಜಿದಾರ ಸೊರಬದ ಕಡೆ ತಿರುಗಿಯೂ ನೋಡುವುದಿಲ್ಲ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಯವರು ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೂ ಬಂತೇ ಎಂದು ಗಾಬರಿಯಾದ ಪುಣೆಯ ವಿಜ್ಞಾನಿಗಳಿಗೆ ಸಿಕ್ಕಿದ್ದು ಉಣ್ಣೆಯಿಂದ ಹರಡುವ ಹೊಸದೇ ವೈರಸ್. ಜಗತ್ತಿನ ವೈದ್ಯಕೋಶದಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡಿನ ಹೆಸರು ಕೂತಿದೆ, ಎಸ್‌ಒಪಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ತುಮಕೂರಿಗೂ ಅದೇ ಗತಿ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಆ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಎಷ್ಟು ಜನರಿಗಿದೆಯೆಂದು ಎಣಿಸಿದ್ದಲ್ಲದೆ, ರೋಗಿಗಳಿಗೆ ಅದರ ಅರಿವಿದೆಯೇ ಎಂದೂ ಕೇಳಿದರು. ಹಳ್ಳಿಯವರಿಗೆ ಏನೂ ತಿಳಿಯದೆಂಬ ಪಂಡಿತರ ಊಹೆ ಸುಳ್ಳಾಯಿತು. ಹೆಚ್ಚಿನವರಿಗೆ ಮೈಯಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ವೈದ್ಯರಲ್ಲಿಗೆ ಹೋಗಿ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಮರಳಿದ್ದರು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಇದನ್ನು 1963ರಲ್ಲಿ ಪ್ರಕಟಿಸಿದರು. ಆ ಸಂಸ್ಥೆಯಲ್ಲಿ ಕೆಲಸ ಮಾಡಿದ ಹಾಫ್‌ಡನ್ ಮಾಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಇನ್ನು ಕಿದ್ವಾಯಿಯ ಕ್ಯಾನ್ಸರ್ ನೋಂದಣಿ 1982ರಿಂದ ಊರಿನ ಕ್ಯಾನ್ಸರ್ ಲೆಕ್ಕ ಬರೆಯುತ್ತಿದೆ. ಅದರ ಮುಂದೆಯೇ ಆಟೊದಲ್ಲಿ ಹಾದುಹೋಗುವ ಅರ್ಜಿದಾರ ಮೊಬೈಲಿನಲ್ಲಿ ಸ್ನೋನ ನಕ್ಷೆ ಹುಡುಕುತ್ತಿರುತ್ತಾನೆ.

ಜ್ವರ ತಾರಕಕ್ಕೇರುವುದು ಮೂರು ಶಿಫಾರಸು ಪತ್ರಗಳ ಘಟ್ಟದಲ್ಲಿ. ‘ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ’ ಎಂದು ಪ್ರೊಫೆಸರರು ಅಭಯ ಕೊಡುತ್ತಾರೆ. ಹುಡುಗಿ ತನ್ನನ್ನು ತಾನೇ ಮೂರು ಶೈಲಿಗಳಲ್ಲಿ ಹೊಗಳಿಕೊಳ್ಳುತ್ತಾಳೆ: ಮೊದಲನೆಯದರಲ್ಲಿ ಗಾಂಭೀರ್ಯ, ಎರಡನೆಯದರಲ್ಲಿ ವಾತ್ಸಲ್ಯ, ಮೂರನೆಯದರಲ್ಲಿ ಬೇಕೆಂದೇ ಒಂದು ವ್ಯಾಕರಣ ದೋಷ. ಪರಸ್ಪರ ಸ್ವತಂತ್ರವಾದ ಮೂರು ವೀಕ್ಷಣೆಗಳೆಂದು ಆಯ್ಕೆ ಸಮಿತಿ ಇವನ್ನು ಓದುತ್ತದೆ. ಸಂಖ್ಯಾಶಾಸ್ತ್ರದ ಎಷ್ಟೋ ಲೆಕ್ಕ ನಿಂತಿರುವುದು ಸ್ವಾತಂತ್ರ್ಯದ ಆ ಗೃಹೀತದ ಮೇಲೆ!

ಉಪಶಯವಾಗಿ, ಅಂದರೆ ರೋಗ ಪರೀಕ್ಷಿಸುವ ಪ್ರಯೋಗೌಷಧವಾಗಿ, ಕನ್ಸಲ್ಟೆನ್ಸಿಯವರು ಹಿಂದೆ ಸೀಟು ಪಡೆದವರ ಕತೆಗಳನ್ನು ಕುಡಿಸುತ್ತಾರೆ. ಆಸ್ಪತ್ರೆಗೆ ಸೇರಿದವರನ್ನಷ್ಟೇ ನೋಡಿ ಊರಿನ ರೋಗದ ಬಗ್ಗೆ ತೀರ್ಮಾನಿಸಬೇಡಿ ಎಂದು ಮೇಯೊ ಕ್ಲಿನಿಕ್ಕಿನ ಜೋಸೆಫ್ ಬರ್ಕ್‌ಸನ್ 1946ರಲ್ಲೇ ಎಚ್ಚರಿಸಿದ್ದರು. ಸೀಟು ಸಿಗದವರು ಕನ್ಸಲ್ಟೆನ್ಸಿಯ ಗೋಡೆಯ ಮೇಲೆ ನಗುವುದಿಲ್ಲ.

ಸಂಪ್ರಾಪ್ತಿಯ, ಅಂದರೆ ರೋಗ ಬೆಳೆಯುವ ಬಗೆಯ, ವಿಷಯದಲ್ಲಿ ಒಂದು ವಿರುದ್ಧ ಸಾಕ್ಷ್ಯವನ್ನು ಮುಚ್ಚಿಡುವಂತಿಲ್ಲ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಸೈನ್ಯದ ಸರ್ವೆ ವಿಭಾಗದ ಕೆಲಸಕ್ಕೆಂದು ಕಲ್ಕತ್ತೆಗೆ ಹೋದರು, ಕೆಲಸ ಸಿಗಲಿಲ್ಲ. ಅಲ್ಲಿ ಪರಿಚಯವಾದ ಒಬ್ಬರ ಮಾತಿನಿಂದ ಮಹಾಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಯ ದಾರಿ ತಿಳಿದು 1941ರಲ್ಲಿ ಸೇರಿಕೊಂಡರು. 1945ರ ಒಂದೇ ಲೇಖನದಿಂದ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಕ್ರಾಮರ್ ಜೊತೆಗೂ ಬ್ಲ್ಯಾಕ್‌ವೆಲ್ ಜೊತೆಗೂ ಕೂತಿತು. ಕೇಂಬ್ರಿಜ್‌ನ ವಸ್ತುಸಂಗ್ರಹಾಲಯದಲ್ಲಿ ಸುಡಾನಿನ ಹಳೆಯ ಮೂಳೆಗಳ ಅಳತೆಗಳನ್ನು ವಿಶ್ಲೇಷಿಸುತ್ತಲೇ 1948ರಲ್ಲಿ ಫಿಶರ್ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಪಡೆದರು. 2023ರಲ್ಲಿ, 102ರ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಮುಂದಿನ ಐದು ವರ್ಷದ ಗುರಿ ಏನೆಂದು ಯಾವುದಾದರೂ ಪೋರ್ಟಲ್ ಆ ಯುವಕನನ್ನು ಕೇಳಿದ್ದರೆ ‘ಸೈನ್ಯದ ಸರ್ವೆ’ ಎಂಬ ಉತ್ತರ ಸಿಕ್ಕು ಅರ್ಜಿ ಅಲ್ಲೇ ತಿರಸ್ಕೃತವಾಗುತ್ತಿತ್ತು.

ಚಿಕಿತ್ಸೆ ಕುರಿತು ಹೇಳುವುದು ಸ್ವಲ್ಪವೇ ಇದೆ. ನಿಮ್ಹಾನ್ಸ್‌ನಲ್ಲೂ ಬಯೋಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮತ್ತು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸುಗಳಿವೆ. ತಿಲಕ್ ನಗರದಿಂದ ಅಲ್ಲಿಗೆ ಆಟೊ ಸಾಕು, ವೀಸಾ ಬೇಡ. ಅಮೆರಿಕವೇ ಬೇಕೆನ್ನುವವರು ಟ್ರಾನ್ಸ್‌ಕ್ರಿಪ್ಟಿಗೆ ಸೆಪ್ಟೆಂಬರ್‌ನಲ್ಲೇ ಅರ್ಜಿ ಕೊಡಿ. ಡಿಸೆಂಬರ್ 1ರ ರಾತ್ರಿ 11.59 ಎಂದು ಅಲ್ಲಿನ ಪೂರ್ವ ಕರಾವಳಿಯ ಸಮಯದಲ್ಲಿ ಗಡುವಿದ್ದರೆ, ನಮ್ಮಲ್ಲಿ ಅದು ಮರುದಿನ ಬೆಳಿಗ್ಗೆ 10.29.