ಎರಡನೆಯ ಸಿಲಿಂಡರು

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಅಳಿಯನು, ಇಟ್ಟಿಗೆಯ ಮನೆಯ ಸಾಲವಿನ್ನೂ ತೀರದಿರುವಾಗಲೇ, ಚಕ್ರದ ಮೇಲಣ ಮತ್ತೊಂದು ಮನೆಯನ್ನು ಕೊಂಡು ಕಾರಿನ ಬೆನ್ನಿಗೆ ಕಟ್ಟಿಕೊಂಡದ್ದನ್ನು ಕಂಡಾಗ, ಗಾರ್ಹಸ್ಥ್ಯ ವಾನಪ್ರಸ್ಥಗಳೆರಡನ್ನೂ ಏಕಕಾಲದಲ್ಲಿ ಸಾಧಿಸಬಲ್ಲ ಜನರೂ ಇರುವರಲ್ಲಾ ಎಂದು ನನಗೆ ಪರಮ ವಿಸ್ಮಯವಾಯಿತು. ಆ ದೇಶದಲ್ಲಿ ಇದು ಹಳೆಯ ಚಪಲವೇ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾವೈದ್ಯನು ‘ವಾಂಡರರ್’ ಎಂಬ ಕುದುರೆಬಂಡಿಯನ್ನು ವಿಹಾರಕ್ಕೆಂದೇ ಕಟ್ಟಿಸಿ ಸ್ಕಾಟ್ಲೆಂಡಿನವರೆಗೂ ಹೋದನು. ಅವನಿಗಿದ್ದದ್ದು ಕುದುರೆಗಳ ಮೇವಿನ ಚಿಂತೆ. ನಮಗೆ ಬಂದದ್ದು ಗ್ಯಾಸಿನ ಚಿಂತೆ.

ಅಕ್ಟೋಬರಿನ ಕೊನೆಯಲ್ಲಿ ಸ್ಕಾಟ್ಲೆಂಡಿನ ಏವಿಮೋರ್ ಬಳಿ ಬೀಡುಬಿಟ್ಟಿದ್ದೆವು. ಹೊರಗೆ ಹುಲ್ಲೆಲ್ಲ ಹಿಮದಿಂದ ಬಿಳುಪೇರಿದ್ದ ಒಂದು ಮುಂಜಾವಿನಲ್ಲಿ, ಡಿಕಾಕ್ಷನ್ ಇಳಿದು, ಹಾಲು ಇನ್ನೇನು ಉಕ್ಕಬೇಕೆನ್ನುವಷ್ಟರಲ್ಲಿ ಒಲೆಯು ನಂದಿಹೋಯಿತು. ಮೈಸೂರಿನಲ್ಲಾಗಿದ್ದರೆ 14.2 ಕಿಲೋ ಅನಿಲದ ಎರಡನೆಯ ಸಿಲಿಂಡರು ಅಡುಗೆಮನೆಯ ಮೂಲೆಯಲ್ಲಿರುತ್ತಿತ್ತು. ಅದೂ ಇಲ್ಲದಿದ್ದರೆ ಪಕ್ಕದ ಮನೆಯವರಿರುತ್ತಿದ್ದರು. ಅಳಿಯನು ಮಾತ್ರ ಎದೆಗುಂದದೆ, ಫ್ರಾನ್ಸಿನ ಪ್ರವಾಸಕ್ಕೆಂದು ಕೊಂಡಿದ್ದ ಪುಟ್ಟ ನೀಲಿ ಸಿಲಿಂಡರನ್ನು ತಂದು ಜೋಡಿಸಿದನು. ಅಲುಗಿಸಿದರೆ ಒಳಗೆ ದ್ರವವು ತುಳುಕುತ್ತಿದ್ದಿತು. ಒಲೆಗೆ ಮಾತ್ರ ಒಂದುಸಿರೂ ಬಾರದು.

“ಮಾವ, ಇದು ಬ್ಯೂಟೇನ್. ಸೊನ್ನೆ ಡಿಗ್ರಿ ಹತ್ತಿರ ಬಂತು ಅಂದ್ರೆ ಆವಿಯಾಗೋದೇ ಇಲ್ಲ.”

“ಅದಕ್ಕೂ ಚಳಿಯೇನೋ, ಪಾಪ!” ಎಂದ ನನ್ನ ಹೆಂಡತಿಯು ನನ್ನ ಹೆಗಲ ಮೇಲಿನ ಶಾಲನ್ನು ಸೆಳೆದು ಅದಕ್ಕೆ ಹೊದಿಸಿದಳು. ನಾನು ಕಂಡ ಸನ್ಮಾನಿತರೆಲ್ಲರೂ ಶಾಲು ಬಿದ್ದೊಡನೆ ಮಾತಿಗೆ ತೊಡಗಿದವರೇ. ಇದೊಂದು ಬಾಯಿ ಬಿಡಲಿಲ್ಲ. ಬಿಸಿಲೇರಿದ ಮೇಲಷ್ಟೇ ಅದು ಸಣ್ಣಗೆ ಪಿಸುಗುಟ್ಟಿತು. ಬೆಳಗಿನ ಕಾಫಿಯನ್ನು ಊಟದ ಹೊತ್ತಿಗೆ ಕುಡಿದೆವು.

ಅಂದಿನಿಂದ ಮೀಸಲು ಸಿಲಿಂಡರಿನ ವರಾನ್ವೇಷಣೆಯು ಆರಂಭವಾಯಿತು. ನೀಲಿಯದು 2.75 ಕಿಲೋ ಅನಿಲದ ಹಗುರ ಜೀವ. ಯೂರೋಪಿನ ಉದ್ದಗಲಕ್ಕೂ ಸಿಕ್ಕುವುದು. ಬೇಸಗೆಯ ಸಂಸಾರಕ್ಕೆ ಯೋಗ್ಯ. ಕೆಂಪಿನದು 3.9 ಕಿಲೋ ಪ್ರೊಪೇನ್, ಸೊನ್ನೆಗಿಂತ 42 ಡಿಗ್ರಿ ಕೆಳಗಣ ಶೀತದವರೆಗೂ ಆವಿಯಾಗಬಲ್ಲ ವೀರ, ಆದರೆ ಭಾರ. ಎರಡಕ್ಕೂ ಮೂತಿಯ ತಿರುಪು ಬೇರೆ ಬೇರೆಯಾದುದರಿಂದ ಕೊಳವೆಯೂ ಬೇರೆ ಬೇಕು. ಗೋತ್ರವಿಚಾರವು ನಮ್ಮಲ್ಲಿ ಮಾತ್ರವೇ ಉಂಟೆಂದು ನಾನು ತಿಳಿದಿದ್ದೆ. ಬಿಡಿ ಡಬ್ಬಿಯ ಕೈಯೊಲೆಯನ್ನು ಒಳಗೇ ಹೊತ್ತಿಸೋಣವೆಂದು ನಾನು ಸೂಚಿಸಿದಾಗ, ಅಳಿಯನು ಮಾತಿಲ್ಲದೆ ನೆಲದತ್ತ ಬೆರಳು ತೋರಿದನು. ಗಾಳಿಗಿಂತ ಭಾರವಾದ ಈ ಅನಿಲವು ಸೋರಿದರೆ ಕೆಳಕ್ಕೆ ಇಳಿದುಹೋಗಲೆಂದು ಅಲ್ಲಿ ರಂಧ್ರಗಳನ್ನಿಟ್ಟಿದ್ದರು. ಚಳಿಗಾಳಿ ಬರುವುದೆಂದು ನನ್ನಾಕೆಯು ಅವಕ್ಕೆ ಹಿಂದಿನ ರಾತ್ರಿಯೇ ಹಳೆಯ ಪಂಚೆಯ ಚೂರುಗಳನ್ನು ತುರುಕಿದ್ದಳು. ಆಗ ಅವನ ಮುಖವು ನೋಡುವಂತಿದ್ದಿತು.

ನನ್ನ ಮತವು ಕೆಂಪಿಗೆ. ಭಾರದ ಪ್ರಶ್ನೆಯೊಂದೇ ಉಳಿಯಿತು. ಏಕೆಂದರೆ ಒಳಗಣ ಅನಿಲಕ್ಕಿಂತ ಹೊರಗಣ ಉಕ್ಕೇ ಹೆಚ್ಚು ತೂಗುವುದು, ಬಂಡಿಯ ಮೂತಿಯು ಕಾರಿನ ಕೊಂಡಿಯ ಮೇಲೆ ಹೇರಬಹುದಾದ ಹೊರೆಗೂ ಮಿತಿಯುಂಟು. ಅಳಿಯನು ತಕ್ಕಡಿ ತಂದು ಪ್ರತಿಯೊಂದು ವಸ್ತುವನ್ನೂ ತೂಗಿದನು. ಮೂತಿಯ ಪೆಟ್ಟಿಗೆಯಲ್ಲಿ ಸಿಲಿಂಡರುಗಳ ನಡುವೆ ನನ್ನ ಹೆಂಡತಿಯ ಬೀಡುಕಬ್ಬಿಣದ ದೋಸೆಹೆಂಚು ದೊರೆಯಿತು. ಅತ್ತೆಗೆ ಎದುರಾಡುವ ಧೈರ್ಯ ಅವನಿಗಿಲ್ಲ, ನನಗಂತೂ ಮೊದಲೇ ಇಲ್ಲ. ಕೆಂಪು ಸಿಲಿಂಡರು ಬಂದಿದೆ. ಹೆಂಚು ಈಗ ಕಾರಿನೊಳಗೆ, ನನ್ನ ತೊಡೆಯ ಮೇಲೆ ಪ್ರಯಾಣಮಾಡುತ್ತದೆ.